ಒಪ್ಪಿಗೆ ಉಂಟು ಎಂದವಳು

ಹೊಸ ಬೆಡ್‌ಶೀಟಿನ ಪ್ಲಾಸ್ಟಿಕ್ ಚೀಲ ಬಿಚ್ಚಿದಾಗ ಬರುವ ಗಂಜಿಯ ವಾಸನೆ ನಿಮಗೆ ಗೊತ್ತಿರಬಹುದು. ಹೋದ ತಿಂಗಳು ಇಲ್ಲಿ ಕುವೈತಿನ ಫರ್ವಾನಿಯಾದ ಅಂಗಡಿಯೊಂದರಿಂದ ನಾಲ್ಕು ಬಿಳಿ ಬೆಡ್‌ಶೀಟು ತಂದೆ. ನನ್ನ ತಮ್ಮ ಹರೀಶನ ಹೆಂಡತಿ, ಮಗಳು ರಜೆಗೆ ಊರಿನಿಂದ ಬರುವವರಿದ್ದರು. ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ನೆಂಟರು ಬರುತ್ತಾರೆಂದರೆ ಮೊದಲು ಯಾರು ಎಲ್ಲಿ ಮಲಗುವುದು ಎಂಬ ಚಿಂತೆ, ಸಂತೋಷ ಆಮೇಲೆ. ಒಂದನ್ನು ಬಿಚ್ಚಿ ಕೊಡವಿದೆ. ವಾಸನೆ ಮೂಗಿಗೆ ಬಡಿಯಿತು. ಮಂಚದ ಅಂಚಿನಲ್ಲಿ ಕುಳಿತವಳು ಎಷ್ಟು ಹೊತ್ತು ಹಾಗೇ ಇದ್ದೆನೋ, ನಮ್ಮವರು ಬಾಗಿಲಲ್ಲಿ ನಿಂತು, "ಎಂತ, ಬಣ್ಣ ಇಷ್ಟ ಆಗಲಿಲ್ವಾ?" ಎಂದು ಕೇಳಿದರು.

"ಗ್ರೀಕ್ ನಾಟಕ ನೆನಪಾಯ್ತು" ಎಂದೆ.

ಅವರು ಸುಮ್ಮನೆ ಅಡುಗೆಮನೆಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಮನುಷ್ಯ ಕಲಿಯುವ ದೊಡ್ಡ ವಿದ್ಯೆಯೆಂದರೆ, ಯಾವ ಮಾತಿನ ಮೇಲೆ ಇನ್ನೊಂದು ಪ್ರಶ್ನೆ ಕೇಳಬಾರದು ಎಂಬುದು.

ಹದಿನಾಲ್ಕು ವರ್ಷದ ಹಿಂದೆ ನಾನು ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ಪುತ್ತೂರಿನ ಕನ್ನಡ ಶಾಲೆಯಲ್ಲಿ ಓದಿದವಳು ಕುವೈತಿಗೆ ಬಂದು ಮಲಯಾಳಿ, ಗೋವನ್, ಪಂಜಾಬಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಉಚ್ಚಾರಣೆಯನ್ನು ಮಕ್ಕಳು ಅಣಕಿಸುತ್ತಿದ್ದರೆಂದು ನನಗೆ ಗೊತ್ತಿತ್ತು. ಆ ಕೊರತೆಯನ್ನು ನಾಟಕ ಆಡಿಸಿ ತುಂಬಿಕೊಳ್ಳುತ್ತಿದ್ದೆ. ನಾಟಕ ಆಡಿಸುವವರಿಗೆ ಒಂದು ಅಹಂಕಾರ ಇರುತ್ತದೆ ನೋಡಿ: ತಾವು ಹೇಳಿದಂತೆ ಜನ ಅಳುತ್ತಾರೆ, ನಗುತ್ತಾರೆ, ಬೀಳುತ್ತಾರೆ, ಏಳುತ್ತಾರೆ. ಮನೆಯಲ್ಲಿ ಗಂಡನೂ ಕೇಳದ ಮಾತನ್ನು ಅಲ್ಲಿ ಮೂವತ್ತು ಮಕ್ಕಳು ಕೇಳುತ್ತಾರೆ. ನಾನಂತೂ ಆ ರುಚಿಗೆ ಬಿದ್ದಿದ್ದೆ.

ಆ ವರ್ಷ ಶಾಲೆಗಳ ನಡುವಿನ ಸ್ಪರ್ಧೆಗೆ 'ಲೋಕದ ಪುರಾಣಗಳು' ಎಂಬ ವಿಷಯ ಕೊಟ್ಟಿದ್ದರು. ಬೇರೆಯವರೆಲ್ಲ ಮಹಾಭಾರತಕ್ಕೆ ಬೀಳುತ್ತಾರೆಂದು ಊಹಿಸಿ ನಾನು ಗ್ರೀಕರ ಕಡೆ ಹೊರಳಿದೆ. ಕಥೆ ಇಷ್ಟು: ಗ್ರೀಕರು ಸಾವಿರ ಹಡಗು ಕಟ್ಟಿಕೊಂಡು ಯುದ್ಧಕ್ಕೆ ಹೊರಟು ಒಂದು ಬಂದರಿನಲ್ಲಿ ಸಿಕ್ಕಿಬೀಳುತ್ತಾರೆ. ಗಾಳಿಯೇ ಇಲ್ಲ. ದೇವತೆ ಮುನಿದಿದ್ದಾಳೆ, ಸೇನೆಯ ಒಡೆಯನಾದ ರಾಜ ತನ್ನ ಹಿರಿಮಗಳನ್ನು ಬಲಿ ಕೊಟ್ಟರೆ ಮಾತ್ರ ಗಾಳಿ ಬೀಸುತ್ತದೆ ಎಂದು ಜೋಯಿಸ ಹೇಳುತ್ತಾನೆ. ರಾಜ ಮನೆಗೆ ಓಲೆ ಬರೆಯುತ್ತಾನೆ. ಬಲಿಯ ಮಾತಿಲ್ಲ ಅದರಲ್ಲಿ. ಮಗಳಿಗೆ ಒಳ್ಳೆಯ ಕಡೆ ಮದುವೆ ಗೊತ್ತಾಗಿದೆ, ಕರೆದುಕೊಂಡು ಬಾ ಎಂದಷ್ಟೇ ಇದೆ. ತಾಯಿ ಮಗಳು ಮದುವೆಯ ಸಡಗರದಲ್ಲಿ ಬಂದಿಳಿಯುತ್ತಾರೆ. ನಿಜ ತಿಳಿದಾಗ ಹುಡುಗಿ ಅಪ್ಪನ ಕಾಲು ಹಿಡಿದು ಬೇಡುತ್ತಾಳೆ. ಕೊನೆಗೆ ತಾನೇ ಎದ್ದು ನಿಂತು, ಎಲ್ಲರಿಗಾಗಿ ನಾನು ಸಾಯುತ್ತೇನೆ ಎನ್ನುತ್ತಾಳೆ. ಅವಳ ಹೆಸರು ಇಫಿಜೀನಿಯಾ. ನಮ್ಮ ಮಕ್ಕಳ ಬಾಯಲ್ಲಿ 'ಇಫಿ' ಆದಳು. ಗ್ರೀಕರ ಉಡುಪಿಗೆ ಬೆಡ್‌ಶೀಟುಗಳು, ಅದಕ್ಕೆ ಸೇಫ್ಟಿಪಿನ್ನುಗಳು.

ಇಫಿಯ ಪಾತ್ರ ಮಾಡಿದವಳು ಹತ್ತನೆಯ ಕ್ಲಾಸಿನ ನಿಶ್ಮಿತಾ. ನಮ್ಮ ಕಡೆಯವಳೇ. ಅವಳಪ್ಪ ಭಾಸ್ಕರಣ್ಣ ಒಂದು ಕೇಟರಿಂಗ್ ಕಂಪನಿಯ ಮ್ಯಾನೇಜರು, ತಾಯಿ ಸುಮತಿಯಕ್ಕ. ಅವರ ಮನೆ ನಮ್ಮ ಬೀದಿಯಲ್ಲೇ, ಎರಡು ಕಟ್ಟಡ ಆಚೆ. ನಾವು ದೊಡ್ಡವರು ಮಾತಾಡುತ್ತಿದ್ದುದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಶ್ಮಿತಾ ಮಾತ್ರ ಮೂರು ಭಾಷೆಯನ್ನು ಒಂದೇ ಉಸಿರಿನಲ್ಲಿ ಕಲಸಿಬಿಡುತ್ತಿದ್ದಳು.

ಅಭ್ಯಾಸದ ಎರಡನೆಯ ವಾರ ಅವಳು ಪುಸ್ತಕ ಮಡಚಿ ಕೇಳಿದಳು, "ಮಿಸ್, ಒಂದು ಡೌಟು. ಆಗ ತಾನೆ ಅಷ್ಟು ಅತ್ತವಳು ಸಡನ್ ಆಗಿ ಹೇಗೆ ಓಕೆ ಅಂತಾಳೆ?"

ಇಂಥ ಪ್ರಶ್ನೆ ಕೇಳುವ ಮಕ್ಕಳು ಟೀಚರಿಗೆ ಸಿಗುವುದು ಅಪರೂಪ. ನಾನು ಸಂತೋಷದಿಂದ ಉತ್ತರ ಕೊಟ್ಟೆ, "ತನ್ನೊಬ್ಬಳನ್ನೇ ನೋಡಿಕೊಂಡಾಗ ಅತ್ತಳು ಮಗಾ. ಅಷ್ಟೂ ಜನರನ್ನು ನೋಡಿದ ಮೇಲೆ ಅಳು ನಿಂತಿತು. ಅದೇ ಅವಳ ದೊಡ್ಡತನ."

"ಬಟ್ ಆ ಜನ ಯಾರೂ ಬೇಡ ಅನ್ನಲ್ವಲ್ಲ ಮಿಸ್. ಅವರದ್ದು ದೊಡ್ಡತನ ಎಲ್ಲುಂಟು?"

"ನಾಟಕ ಅವಳದ್ದು, ಅವರದ್ದಲ್ಲ" ಎಂದು ಬಾಯಿ ಮುಚ್ಚಿಸಿದೆ. ಎಲ್ಲರಿಗಾಗಿ ಸಾಯುತ್ತೇನೆ ಎಂಬ ಮಾತು ಹೇಳುವಾಗ ಗದ್ದ ಎತ್ತಬೇಕು, ಕೊನೆಯ ಸಾಲಿನವರಿಗೂ ಕೇಳಬೇಕು, ಕಣ್ಣಲ್ಲಿ ನೀರು ಬರಬಾರದು ಎಂದು ತಿದ್ದಿದೆ. ನೀರು ನೋಡುವವರ ಕಣ್ಣಲ್ಲಿ ಬರಬೇಕು, ಹೇಳುವವಳ ಕಣ್ಣಲ್ಲಲ್ಲ. ಇದು ನನ್ನ ಸೂತ್ರವಾಗಿತ್ತು. ಹುಡುಗಿ ಬೇಗ ಕಲಿತಳು.

ಪ್ರಿನ್ಸಿಪಾಲರಿಗೆ ವೇದಿಕೆಯ ಮೇಲೆ ಹುಡುಗಿಯನ್ನು ಕೊಲ್ಲುವುದು ಸರಿಬರಲಿಲ್ಲ. ಕಥೆಯ ಇನ್ನೊಂದು ರೂಪದಲ್ಲಿ ಅದಕ್ಕೂ ಪರಿಹಾರವಿತ್ತು. ಕತ್ತಿ ಬೀಳುವ ಹೊತ್ತಿಗೆ ದೇವತೆ ಹುಡುಗಿಯನ್ನು ಎತ್ತಿಕೊಂಡು ಹೋಗಿ ಅವಳ ಜಾಗದಲ್ಲಿ ಒಂದು ಜಿಂಕೆಯನ್ನು ಇಡುತ್ತಾಳಂತೆ. ಸುದ್ದಿ ತಂದವನೊಬ್ಬ ತಾಯಿಗೆ ಹಾಗೆಂದು ಹೇಳುತ್ತಾನೆ. ಥರ್ಮಕೋಲಿನ ಜಿಂಕೆ ಮಾಡಿಸಿದೆವು. ನಿಶ್ಮಿತಾ ಅದನ್ನು ನೋಡಿ, "ಮಿಸ್, ಇದನ್ನು ನಿಜವಾಗಿ ಯಾರಾದರೂ ನೋಡಿದ್ರಾ, ಇಲ್ಲಾ ಅಮ್ಮನಿಗೆ ಹೇಳಲಿಕ್ಕೆ ಮಾಡಿದ್ದಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮಗೆ ಮೊದಲ ಬಹುಮಾನ ಬಂತು. ಕೊಟ್ಟವರು ಮುಖ್ಯ ಅತಿಥಿ, ನಮ್ಮ ಕರಾವಳಿಯವರೇ ಆದ ಒಬ್ಬ ದೊಡ್ಡ ಉದ್ಯಮಿ. ಮೂವತ್ತು ವರ್ಷದಿಂದ ಇಲ್ಲಿದ್ದು ನಾಲ್ಕಾರು ಕಂಪನಿ ನಡೆಸುವವರು. ನಮ್ಮವರೆಲ್ಲ ಅವರನ್ನು ಧಣಿಗಳು ಎಂದೇ ಕರೆಯುವುದು. ಅವರು ಬಹುಮಾನ ಕೊಡುವಾಗ ಹುಡುಗಿಯ ತಲೆ ನೇವರಿಸಿ, "ಯಾರ ಮಗಳು?" ಎಂದು ಕೇಳಿದರು. ಹಿಂದೆ ನಿಂತಿದ್ದ ನಾನೇ ಹೆಮ್ಮೆಯಿಂದ ಹೇಳಿದೆ. ಭಾಸ್ಕರಣ್ಣ ಗ್ರೀನ್‌ರೂಮಿಗೆ ಬಂದಾಗ ಅವರ ಕಣ್ಣು ಕೆಂಪಗಿತ್ತು. "ಅಲ್ಲ ಟೀಚರ್, ಲೋಕದಲ್ಲಿ ಅಂಥ ಅಪ್ಪನೂ ಇರ್ತಾನಾ?" ಎಂದರು. ಸುಮತಿಯಕ್ಕ ಮಗಳ ಹೆಗಲಿನ ಸೇಫ್ಟಿಪಿನ್ನು ತೆಗೆಯುತ್ತಾ, "ನಾಟಕಕ್ಕೆಲ್ಲ ಅಳಬೇಡಿ ಮಾರಾಯ್ರೆ" ಎಂದು ಗದರಿದರು.

ಭಾಸ್ಕರಣ್ಣ ಕೆಟ್ಟವರೆಂದು ಹೇಳಿ ಕೈ ತೊಳೆದುಕೊಂಡರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಅವರು ಕೆಟ್ಟವರಲ್ಲ. ಊರಿಗೆ ಹೋದಾಗಲೆಲ್ಲ ಕೆಲಸವಿಲ್ಲದವರ ಪಾಸ್‌ಪೋರ್ಟ್ ಪ್ರತಿಗಳನ್ನು ಬ್ಯಾಗು ತುಂಬಾ ತರುತ್ತಿದ್ದರು. ಒಬ್ಬರಿಂದಲೂ ಒಂದು ಚಾ ಕೂಡ ಕುಡಿಯದೆ ವೀಸಾ ಮಾಡಿಸುತ್ತಿದ್ದರು. ಹಾಗೆ ಅವರ ಮಾತು ನಂಬಿ ಬಂದವರು ನಲವತ್ತು ಮಂದಿ. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು. ಅವರಲ್ಲಿ ನನ್ನ ತಮ್ಮ ಹರೀಶನೂ ಒಬ್ಬ. ಅವನಿಗಾಗಿ ಭಾಸ್ಕರಣ್ಣನ ಮನೆಗೆ ಹೋಗಿ ಕೇಳಿಕೊಂಡವಳು ನಾನೇ.

ನಿಶ್ಮಿತಾ ಮಂಗಳೂರಿನಲ್ಲಿ ಬಿ.ಫಾರ್ಮ ಎರಡನೆಯ ವರ್ಷ ಓದುತ್ತಿದ್ದ ಕಾಲಕ್ಕೆ ಭಾಸ್ಕರಣ್ಣನಿದ್ದ ಕೇಟರಿಂಗ್ ಕಂಪನಿಯ ಪಾಲುದಾರರು ಜಗಳವಾಡಿ ಕಂಪನಿ ಮುಚ್ಚಿತು. ಇಲ್ಲಿ ಕಂಪನಿ ಮುಚ್ಚಿದರೆ ಹೋಗುವುದು ಸಂಬಳ ಮಾತ್ರವಲ್ಲ. ಇಕಾಮಾ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿ, ಆ ಕಂಪನಿಯ ಹೆಸರಿನಲ್ಲೇ ಇರುತ್ತದೆ. ಅದು ಮುಗಿದವನು ರಸ್ತೆಗಿಳಿದರೆ ಹಿಡಿಯುತ್ತಾರೆ. ಬೇರೆ ಕಂಪನಿಯವರು ತಮ್ಮ ಹೆಸರಿಗೆ ಬರೆಸಿಕೊಂಡರೆ ಉಳಿದ, ಇಲ್ಲವಾದರೆ ಊರಿಗೆ ಹೋದ. ನಲವತ್ತು ಮಂದಿ ಮಹಬೂಲಾದ ಒಂದು ಕಟ್ಟಡದ ಮೂರು ಫ್ಲ್ಯಾಟುಗಳಲ್ಲಿ ಎರಡೂವರೆ ತಿಂಗಳು ಕೂತರು. ಜುಲೈಯ ಬಿಸಿಲು. ನಾನು ವಾರಕ್ಕೊಮ್ಮೆ ಅನ್ನ, ಮೀನಿನ ಸಾರು ತೆಗೆದುಕೊಂಡು ಹೋಗುತ್ತಿದ್ದೆ. ಬಾಗಿಲು ತೆಗೆದರೆ ಬನಿಯನ್ನಿನಲ್ಲಿದ್ದ ಗಂಡಸರು ಗೋಡೆಗೊರಗಿ ಕೂತಿರುತ್ತಿದ್ದರು.  ಹರೀಶನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು. ಅವನು ಒಂದು ದಿನ ನನ್ನ ಕೈ ಹಿಡಿದು, "ಅಕ್ಕ, ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ?" ಎಂದು ಅತ್ತ. ಅಪ್ಪ ಸತ್ತಾಗಲೂ ಅಳದವನು.

ಭಾಸ್ಕರಣ್ಣ ಆ ಎರಡೂವರೆ ತಿಂಗಳಲ್ಲಿ ಹತ್ತು ವರ್ಷ ಮುದುಕರಾದರು. ಕಂಡ ಕಂಡ ಕಂಪನಿಯ ಮೆಟ್ಟಿಲು ಹತ್ತಿದರು. ಎಲ್ಲರೂ ಇಬ್ಬರನ್ನು ತಗೊಳ್ತೇವೆ, ಮೂವರನ್ನು ತಗೊಳ್ತೇವೆ ಎನ್ನುವವರೇ. ಆಗ ಧಣಿಗಳು ಅವರನ್ನು ಮನೆಗೆ ಊಟಕ್ಕೆ ಕರೆದರು. ನಲವತ್ತು ಮಂದಿಯನ್ನೂ ತಮ್ಮ ಕಂಪನಿಗೆ ಬರೆಸಿಕೊಳ್ಳಲು ಅಡ್ಡಿಯಿಲ್ಲ ಎಂದರು. ಊಟ ಮುಗಿದು ಪಾಯಸ ಬರುವ ಹೊತ್ತಿಗೆ, "ನಿಮ್ಮ ಮಗಳನ್ನು ಆ ನಾಟಕದಲ್ಲಿ ನೋಡಿದ್ದೆ. ನಮ್ಮ ಮಗ ರಕ್ಷಿತನಿಗೆ ಕೊಡಿ. ಸಂಬಂಧಿಕರಾದ ಮೇಲೆ ನಿಮ್ಮ ಜನ ನಮ್ಮ ಜನ ಅಲ್ವಾ ಭಾಸ್ಕರ?" ಎಂದರು. ಕೊಡದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಇದನ್ನೆಲ್ಲ ಭಾಸ್ಕರಣ್ಣ ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತು ಹೇಳಿದರು. "ಸುಮತಿಗೆ ಇನ್ನೂ ಹೇಳಲಿಲ್ಲ ಟೀಚರ್. ಹುಡುಗಿಗೆ ಇಲ್ಲಿ ಫಾರ್ಮಸಿಯಲ್ಲಿ ಒಂದು ತಿಂಗಳು ಟ್ರೈನಿಂಗ್ ಉಂಟು, ಬಾ ಅಂತ ಫೋನ್ ಮಾಡಿದ್ದೇನೆ. ನಿಮ್ಮ ಮಾತು ಅಂದ್ರೆ ಅವಳಿಗೆ ದೇವರ ಮಾತು. ನಿಮಗೆ ಎಂತ ಅನಿಸ್ತದೆ?"

ನಾನು, "ಒಳ್ಳೆ ಮನೆ ಅಲ್ವಾ ಭಾಸ್ಕರಣ್ಣ" ಎಂದೆ.

ಅವರು ಹೋದ ಮೇಲೆ ನಮ್ಮವರು ಪೇಪರಿನಿಂದ ತಲೆ ಎತ್ತಿದರು. "ಆ ರಕ್ಷಿತ್ ಆಫೀಸಿನಲ್ಲಿ ಚಾ ಕೊಡುವವನ ಮುಖಕ್ಕೆ ಫೋನ್ ಎಸೆದು ಹಲ್ಲು ಮುರಿದವನಲ್ವಾ? ಮೊದಲೊಂದು ನಿಶ್ಚಿತಾರ್ಥ ಆಗಿ ಹುಡುಗಿ ಕಡೆಯವರೇ ಬಿಟ್ಟು ಹೋದರಲ್ಲ."

"ದೊಡ್ಡವರ ಮನೆಯ ಬಗ್ಗೆ ಜನ ಎಂತೆಂತದೋ ಹೇಳ್ತಾರೆ" ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಒಂದು ಕ್ಷಣ ನಂಬಿಕೆಯಾಯಿತು.

ನಿಶ್ಮಿತಾ ಬಂದಳು. ಪೆಟ್ಟಿಗೆಯಲ್ಲಿ ಟ್ರೈನಿಂಗಿಗೆಂದು ಹೊಲಿಸಿದ ಹೊಸ ಬಿಳಿ ಕೋಟಿತ್ತು. ಎರಡು ದಿನ ಸುಮತಿಯಕ್ಕ ಮಗಳಿಗೆ ಬೇಕಾದ್ದನ್ನೆಲ್ಲ ಮಾಡಿ ಬಡಿಸಿದರು, ನಮ್ಮ ಮನೆಗೂ ಒಂದು ಡಬ್ಬಿ ಕಳಿಸಿದರು. ಮೂರನೆಯ ದಿನ ಧಣಿಗಳ ಹೆಂಡತಿ ರವಿಕೆಯ ಅಳತೆ ಕೇಳಲು ಫೋನ್ ಮಾಡಿದ್ದರಿಂದ ಎಲ್ಲ ಬಯಲಾಯಿತು. ಮರುದಿನ ಶುಕ್ರವಾರ ಬೆಳಿಗ್ಗೆ ಭಾಸ್ಕರಣ್ಣ ನನ್ನನ್ನು ಕರೆಸಿದರು. ನಾನು ಹೋದಾಗ ಸುಮತಿಯಕ್ಕ ಮಗಳ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಹಾಲಿನಲ್ಲಿ ನಲವತ್ತರಲ್ಲಿ ಏಳೆಂಟು ಮಂದಿ ಹಿರಿಯರು, ಹರೀಶನೂ ಸೇರಿ, ಚಪ್ಪಲಿ ಕಳಚಿ ಗೋಡೆಯ ಬದಿಗೆ ನಿಂತಿದ್ದರು. ಪೊಲೀಸರು ಹಿಡಿದರೆ ಹಿಡಿಯಲಿ ಎಂದು ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರಂತೆ. ಯಾರು ಕರೆದರೋ, ತಾವಾಗಿ ಬಂದರೋ ನನಗೆ ಇಂದಿಗೂ ತಿಳಿಯದು.

ಸುಮತಿಯಕ್ಕ ಅವರಿಗೇ ನೇರ ಕೇಳಿದರು, "ನಿಮ್ಮ ನಲವತ್ತು ಜನರಲ್ಲಿ ಯಾರಾದರೂ ಒಬ್ಬರು ನಿಮ್ಮ ಮಗಳನ್ನು ಅವನಿಗೆ ಕೊಡ್ತೀರಾ? ಈಗ ಹೇಳಿ. ನಾನು ಬಾಗಿಲು ಬಿಡ್ತೇನೆ."

ಒಬ್ಬರೂ ತಲೆ ಎತ್ತಲಿಲ್ಲ.

"ಸುಮತಿ, ನಾನು ಇವರಿಗೆ ಮಾತು ಕೊಟ್ಟು ಕರ್ಕೊಂಡು ಬಂದವನು" ಎಂದರು ಭಾಸ್ಕರಣ್ಣ.

"ಅವಳನ್ನು ಎಂತ ಹೇಳಿ ಕರ್ಕೊಂಡು ಬಂದಿದ್ದೀರಿ? ಅದು ಮಾತಲ್ವಾ?"

ನಾನು ಮೆಲ್ಲಗೆ ಮುಂದೆ ಹೋಗಿ, "ಸುಮತಿಯಕ್ಕ, ನಾನು ಒಮ್ಮೆ ಮಾತಾಡ್ತೇನೆ" ಎಂದೆ. ಅವರು ನನ್ನ ಮುಖ ನೋಡಿದರು. ನಾನು ಹುಡುಗಿಯ ಪರವಾಗಿ ಬಂದವಳೆಂದು ಅವರು ತಿಳಿದುಕೊಂಡರು. ಬದಿಗೆ ಸರಿದರು. ಇಡೀ ಮನೆಯಲ್ಲಿ ಅವರು ನಂಬಿದ್ದು ನನ್ನೊಬ್ಬಳನ್ನು.

ನಿಶ್ಮಿತಾ ಮಂಚದ ಮೇಲೆ ಕೂತಿದ್ದಳು. ಅಳು ಮುಗಿದಿತ್ತು. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನಿನ ಮೇಲೆ ಕೈಯಿಟ್ಟೆ. ನಲವತ್ತು ಮನೆಗಳ ಬಗ್ಗೆ ಹೇಳಿದೆ. ಹರೀಶನ ಕೂಸಿನ ಬಗ್ಗೆ ಹೇಳಿದೆ. ಓದು ಎಲ್ಲಿಗೂ ಹೋಗುವುದಿಲ್ಲ, ಮದುವೆಯಾದ ಮೇಲೂ ಓದಬಹುದು ಎಂದೆ. ನಿನ್ನ ಅಪ್ಪನ ಮುಖ ನೋಡು ಎಂದೆ. ಅವಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಮಿಸ್, ರಕ್ಷಿತ್ ಹೇಗೆ? ನಿಮಗೆ ಏನಾದ್ರೂ ಗೊತ್ತುಂಟಾ?"

ಹೊರಗೆ ನನ್ನ ತಮ್ಮ ಕೆಮ್ಮಿದ್ದು ಕೇಳಿಸಿತು.

"ಒಳ್ಳೆ ಹುಡುಗ ಅಂತ ಕೇಳಿದ್ದೇನೆ ಮಗಾ" ಎಂದೆ.

ಅವಳು ಎದ್ದು ಮುಖ ತೊಳೆದು ಹಾಲಿಗೆ ಬಂದಳು. ಅಷ್ಟು ಗಂಡಸರ ಎದುರು ನಿಂತು, ಗದ್ದ ಎತ್ತಿ, "ನನಗೆ ಒಪ್ಪಿಗೆ ಉಂಟು" ಎಂದಳು. ಕೊನೆಯಲ್ಲಿ ನಿಂತವನಿಗೂ ಕೇಳಿಸಿತು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನೀರು ನೋಡುವವರ ಕಣ್ಣಲ್ಲಿ ಬಂತು. ಹರೀಶ ಮುಖ ಮುಚ್ಚಿಕೊಂಡು ಅತ್ತ.  ಈ ಹುಡುಗಿಗೆ ಹೀಗೆ ನಿಲ್ಲುವುದನ್ನು ಕಲಿಸಿದವಳು ನಾನು.

ನಿಶ್ಚಿತಾರ್ಥವಾದ ವಾರವೇ ಕಾಗದಪತ್ರಗಳು ಓಡತೊಡಗಿದವು. ತಿಂಗಳೊಳಗೆ ನಲವತ್ತು ಮಂದಿಯ ಇಕಾಮಾ ಆಯಿತು. ಮಂಗಳೂರಿನ ದೊಡ್ಡ ಹಾಲಿನಲ್ಲಿ ಮದುವೆ. ಸುಮತಿಯಕ್ಕ ಧಾರೆ ಎರೆಯುವಾಗ ನಿಂತಿದ್ದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಮದುವೆಯ ಮರುದಿನ ಮೂಡಬಿದಿರೆಯ ತಂಗಿಯ ಮನೆಗೆ ಹೋದವರು ಕುವೈತಿಗೆ ಮತ್ತೆ ಬರಲಿಲ್ಲ. ಗಂಡನೊಡನೆ ಮಾತಾಡಲಿಲ್ಲ. ಭಾಸ್ಕರಣ್ಣ ವರ್ಷಕ್ಕೊಮ್ಮೆ ಊರಿಗೆ ಹೋಗಿ ಆ ಮನೆಯ ಜಗಲಿಯಲ್ಲಿ ಕೂತು ಬರುತ್ತಿದ್ದರಂತೆ. ಚಾ ಬರುತ್ತಿತ್ತು, ಸುಮತಿಯಕ್ಕ ಬರುತ್ತಿರಲಿಲ್ಲ. ನನ್ನೊಡನೆಯೂ ಅವರು ಆಮೇಲೆ ಮಾತಾಡಿದ್ದಿಲ್ಲ.

ನಿಶ್ಮಿತಾ ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಗಂಡನೊಡನೆ ಇದ್ದಳು. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಹೇಗಿದ್ದಾಳೆ ಎಂದು ಯಾರಾದರೂ ಕೇಳಿದರೆ ನಮ್ಮವರೆಲ್ಲರಿಗೂ ಉತ್ತರ ಸಿದ್ಧವಿತ್ತು. ಒಬ್ಬರು ಅವಳ ಕಾರು ನೋಡಿದ್ದರು, ಇನ್ನೊಬ್ಬರು ಬಳೆ ನೋಡಿದ್ದರು, ಮತ್ತೊಬ್ಬರು ಯುರೋಪಿನ ಫೋಟೋ ನೋಡಿದ್ದರು. ಎಲ್ಲರೂ ಒಂದೊಂದು ಜಿಂಕೆ ಕಂಡವರೇ. ನಾನಂತೂ ಕೇಳುವ ಮೊದಲೇ, "ಅವಳಿಗೆಂತ, ರಾಣಿಯ ಹಾಗಿದ್ದಾಳೆ" ಎನ್ನುತ್ತಿದ್ದೆ. ಎರಡನೆಯ ವರ್ಷ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

"ಮಿಸ್, ನಿಮಗೆ ಗೊತ್ತಿತ್ತಾ?"

"ಎಂತದ್ದು ಮಗಾ?" ಎಂದೆ. ನನ್ನ ಧ್ವನಿ ನನಗೇ ಸುಳ್ಳೆಂದು ಕೇಳಿಸಿತು. ಅವಳು ಫೋನ್ ಇಟ್ಟಳು. ನಾನು ತಿರುಗಿ ಮಾಡಬಹುದಿತ್ತು. ಪೇಪರ್ ತಿದ್ದುವುದಿತ್ತು, ಪೇಪರ್ ತಿದ್ದಿದೆ.

ನಾಲ್ಕನೆಯ ವರ್ಷ ಅವಳು ಪಾಸ್‌ಪೋರ್ಟ್ ತೆಗೆದುಕೊಂಡು ಉಟ್ಟ ಬಟ್ಟೆಯಲ್ಲಿ ಊರಿಗೆ ಹೋದಳು. ಬಲಗಿವಿ ಪೂರ್ತಿ ಹೋಗಿತ್ತು. ಬಿದ್ದು ಪೆಟ್ಟಾದದ್ದು ಎಂದು ಧಣಿಗಳ ಮನೆಯವರು ಹೇಳಿದರು. ಬೀಳುವವರ ಕಿವಿಯೇ ಒಡೆಯುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ನಲವತ್ತು ಮಂದಿಯೂ ಇನ್ನೂ ಅವರಲ್ಲೇ ಕೆಲಸಕ್ಕಿದ್ದರು. ತಾಯಿ ಮಗಳು ಮೂಡಬಿದಿರೆಯಲ್ಲಿ ಬಾಗಿಲು ಹಾಕಿಕೊಂಡು ಕೋರ್ಟು, ಓದು ಎರಡನ್ನೂ ಮುಗಿಸಿದರು.

ಇಷ್ಟು ಹಳೆಯ ಕಥೆ. ನಾನೂ ಅದನ್ನು ಹಳೆಯದೆಂದು ಕಟ್ಟಿಟ್ಟಿದ್ದೆ. ಆದರೆ ಬೆಡ್‌ಶೀಟು ತಂದ ಆ ವಾರವೇ ನಮ್ಮ ಊರಿನವರ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಭಾಸ್ಕರಣ್ಣ ಕುವೈತ್ ಬಿಟ್ಟು ಹೊರಡುವವರಿದ್ದಾರೆ, ಸಂಘದಿಂದ ಸನ್ಮಾನ ಇಟ್ಟುಕೊಂಡಿದ್ದೇವೆ, ಸನ್ಮಾನಪತ್ರ ನೀವೇ ಬರೆಯಬೇಕು ಎಂದರು. "ನಿಮ್ಮ ಕನ್ನಡ ಚಂದ ಅಲ್ವಾ ಅಕ್ಕ. ಆ ನಲವತ್ತು ಜನರದ್ದು ಸ್ವಲ್ಪ ಜೋರಾಗಿ ಬರಲಿ. ಸ್ವಂತದ್ದನ್ನು ತ್ಯಾಗ ಮಾಡಿ ಜನರನ್ನು ಉಳಿಸಿದವರು ಅಂತ."

ಸ್ವಂತದ್ದು ಎಂಬ ಪದದ ಮೇಲೆ ನಾನು ಎರಡು ದಿನ ಕೂತೆ.

ಕಂಪನಿಯ ಕೋಣೆಯಲ್ಲಿರುವ ಹರೀಶ ಹೆಂಡತಿ ಮಗಳನ್ನು ನೋಡಲು ನಮ್ಮ ಮನೆಗೆ ಬಂದಿದ್ದ. ಈಗ ಅವನು ಸೂಪರ್‌ವೈಸರ್, ಕಾರ್ಕಳದಲ್ಲಿ ಮನೆ ಕಟ್ಟಿಸಿದ್ದಾನೆ. ಸನ್ಮಾನದ ದಿನ ಹಾರ ಹಾಕುವವರಲ್ಲಿ ಅವನೂ ಒಬ್ಬ. "ನಿಶ್ಮಿತಾಳನ್ನು ಒಮ್ಮೆ ಕಾಣಬೇಕು ಅಂತ ಉಂಟು" ಎಂದೆ.

"ಯಾರು ನಿಶ್ಮಿತಾ?" ಎಂದ. ಆಮೇಲೆ, "ಓ, ಭಾಸ್ಕರಣ್ಣನ ಮಗಳಾ? ಡೈವೋರ್ಸ್ ಆದವಳಲ್ವಾ?"

ಅವನ ಹತ್ತು ವರ್ಷದ ಮಗಳು ಬಿಳಿ ಬೆಡ್‌ಶೀಟಿನ ಮೇಲೆ ಕಾಲು ಚಾಚಿ ಫೋನ್ ನೋಡುತ್ತಿದ್ದಳು. 

ನಿಶ್ಮಿತಾ ಕುವೈತಿಗೆ ವಾಪಸು ಬಂದು ಒಂದೂವರೆ ವರ್ಷವಾಗಿತ್ತು. ಫಹಾಹೀಲಿನ ಒಂದು ಔಷಧದಂಗಡಿಯಲ್ಲಿ ಕೆಲಸ. ಅಪ್ಪನನ್ನು ಅವಳು ಕಾಣುವುದಿಲ್ಲವೆಂದು ಕೇಳಿದ್ದೆ. ನಾನೂ ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಕೌಂಟರಿನ ಆಚೆ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಳು. ಮೂವತ್ತು ವರ್ಷ, ಕೂದಲು ಮೋಟಾಗಿ ಕತ್ತರಿಸಿದ್ದಳು. ನಾನು "ನಿಶ್ಮಿ" ಎಂದಾಗ ಕೇಳಿಸಲಿಲ್ಲ. ಎಡಕ್ಕೆ ಬಂದು ಮತ್ತೆ ಕರೆದೆ.

"ಮಿಸ್" ಎಂದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. "ಪ್ರಿಸ್ಕ್ರಿಪ್ಷನ್ ಉಂಟಾ?"

ಗಿರಾಕಿಗಳು ಹೋಗುವವರೆಗೆ ಕಾದೆ. ನನ್ನ ಜೀವನದಲ್ಲಿ ಎಂದೂ ಅಷ್ಟು ಹೊತ್ತು ಕೆಮ್ಮಿನ ಔಷಧಿಗಳ ಹೆಸರು ಓದಿದ್ದಿಲ್ಲ. ಆಮೇಲೆ ಸನ್ಮಾನದ ವಿಷಯ ಹೇಳಿ, ಬರೆದು ತಂದಿದ್ದ ಹಾಳೆಯನ್ನು ಕೌಂಟರಿನ ಮೇಲಿಟ್ಟೆ. ಅದರಲ್ಲಿ ಹೊಗಳಿಕೆ ಬರೆದಿರಲಿಲ್ಲ. ಬರೆಯಲು ಕೂತರೆ ಬಂದಿರಲಿಲ್ಲ. ಇಷ್ಟೇ ಇತ್ತು: 'ನಲವತ್ತು ಮಂದಿಯ ಬದುಕು ಉಳಿಸಿದ್ದು ಭಾಸ್ಕರಣ್ಣನಲ್ಲ, ಅವರ ಮಗಳು ನಿಶ್ಮಿತಾ. ಅವಳನ್ನು ಯಾರೂ ಕೇಳದೆ ಆ ಕೆಲಸಕ್ಕೆ ಒಡ್ಡಿದೆವು.'

ಅವಳು ಕನ್ನಡ ಓದುವುದು ನಿಧಾನ. ಬೆರಳಿಟ್ಟು ಓದಿದಳು. ಜೇಬಿನಿಂದ ಪೆನ್ನು ತೆಗೆದು 'ಯಾರೂ ಕೇಳದೆ' ಎಂಬಲ್ಲಿ ಒಂದು ಗೆರೆ ಎಳೆದಳು.

"ಇದು ರಾಂಗ್ ಮಿಸ್. ಕೇಳಿದ್ರಲ್ಲ. ನೀವೇ ಬಂದು ಕೇಳಿದ್ದು. ನಾನೂ ನಿಮ್ಮತ್ರ ಒಂದು ಕೇಳಿದ್ದೆ."

"ಹೌದು."

"ಆ ಆನ್ಸರ್ ಬರೀರಿ. ಅದು ಬರೆಯದೆ ಅಪ್ಪನದ್ದು ಮಾತ್ರ ಬರೆದ್ರೆ ನಿಮಗೆ ಈಸಿ ಆಗ್ತದೆ."

ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. "ಅದು ಹೇಳ್ಬೇಡಿ. ನೀವು ಹೇಳಿದ್ರೆ ನಾನು ಪರವಾಗಿಲ್ಲ ಅನ್ನಬೇಕಾಗ್ತದೆ. ಪರವಾಗಿಲ್ಲ ಅಲ್ಲ ಮಿಸ್." ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಅವಳು ಎಡಗಿವಿ ಅವನ ಕಡೆ ತಿರುಗಿಸಿ ಅರಬಿಯಲ್ಲಿ ಮಾತಾಡತೊಡಗಿದಳು. ಚೆನ್ನಾಗಿ ಮಾತಾಡುತ್ತಿದ್ದಳು.

ಮನೆಗೆ ಬಂದು ಸಾಲನ್ನು ತಿದ್ದಿದೆ. 'ಅವಳನ್ನು ಒಪ್ಪಿಸಲು ಹೋದವಳು ನಾನು. ಹುಡುಗ ಹೇಗೆ ಎಂದು ಅವಳು ಕೇಳಿದಳು. ಗೊತ್ತಿದ್ದೂ ಒಳ್ಳೆಯವನೆಂದೆ. ನನ್ನ ತಮ್ಮ ಆ ನಲವತ್ತರಲ್ಲಿ ಒಬ್ಬನಾಗಿದ್ದ.' ಕೆಳಗೆ ನನ್ನ ಹೆಸರು ಹಾಕಿ ಕಾರ್ಯದರ್ಶಿಗೆ ಕಳಿಸಿದೆ. ಅವರು ಐದು ನಿಮಿಷದಲ್ಲಿ ಫೋನ್ ಮಾಡಿದರು.

"ಅಕ್ಕ, ನಿಮಗೆ ಹುಷಾರಿಲ್ವಾ? ಇದನ್ನು ಸ್ಟೇಜಿನಲ್ಲಿ ಓದಲಿಕ್ಕಾಗ್ತದಾ? ಧಣಿಗಳೂ ಬರ್ತಾರೆ."

"ನನ್ನಿಂದ ಬೇರೆ ಬರೆಯಲಿಕ್ಕಾಗುದಿಲ್ಲ" ಎಂದೆ.

ಬೇರೆಯವರು ಬರೆದರು. ಸನ್ಮಾನ ಚೆನ್ನಾಗಿ ಆಯಿತಂತೆ. ನಾನು ಹೋಗಲಿಲ್ಲ. ಹರೀಶ ಈಗ ನನ್ನೊಡನೆ ಮಾತಾಡುವುದಿಲ್ಲ, ಮನೆಯ ಮರ್ಯಾದೆ ಬೀದಿಗೆ ಹಾಕಿದೆನೆಂದು ಅವನ ಸಿಟ್ಟು. ಹೆಂಡತಿ ಮಗಳ ಪೆಟ್ಟಿಗೆ ಕಟ್ಟಿಸಿ ರಜೆ ಮುಗಿಯುವ ಎರಡು ದಿನ ಮೊದಲೇ ಕರೆದುಕೊಂಡು ಹೋದ.

ನಿನ್ನೆ ಸಂಜೆ ಭಾಸ್ಕರಣ್ಣನ ಫೋನ್ ಬಂತು. ನಾಳಿದ್ದು ಅವರ ವಿಮಾನ. ಊರಿನಲ್ಲಿ ಎಲ್ಲಿ ಇಳಿಯುತ್ತಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

"ನೀವು ಬರೆದದ್ದನ್ನು ಸೆಕ್ರೆಟರಿ ತೋರಿಸಿದ ಟೀಚರ್" ಎಂದರು.  "ಎಲ್ಲ ಸತ್ಯವೇ. ಆದ್ರೆ ಈಗ ಯಾಕೆ? ಅವತ್ತು ನಿಮ್ಮ ಮನೆಗೆ ಬಂದು ಎಂತ ಅನಿಸ್ತದೆ ಅಂತ ಕೇಳಿದ್ದೆನಲ್ಲ. ನೀವು ಬೇಡ ಅಂತೀರಿ ಅಂತಲೇ ಬಂದಿದ್ದೆ. ಒಬ್ಬರು ಬೇಡ ಅಂದಿದ್ರೆ ನಿಲ್ಲಿಸ್ತಿದ್ದೆ ಟೀಚರ್."

ಅದು ನಿಜವೋ, ಇಷ್ಟು ವರ್ಷ ಬದುಕಲು ಅವರು ಕಟ್ಟಿಕೊಂಡ ಮಾತೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

"ನೀವು ನಿಲ್ಲಿಸ್ತಿರಲಿಲ್ಲ ಭಾಸ್ಕರಣ್ಣ" ಎಂದೆ. "ಆದ್ರೂ ನಾನು ಬೇಡ ಅನ್ನಬೇಕಿತ್ತು."

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಮೊದಲು ಯಾರು ಇಡಬೇಕೆಂದು ತಿಳಿಯದೆ ಇಬ್ಬರೂ ಹಾಗೆಯೇ ಹಿಡಿದುಕೊಂಡು ಕೂತೆವು.